ಹುಬ್ಬಳ್ಳಿ ಗ್ಯಾರೇಜಿನ ‘ಎವರೇಜ್ ಟ್ಯೂನಿಂಗ್’: ಯಾವುದಕ್ಕೆ ರೊಕ್ಕ ಕೊಡಬೇಕು, ಯಾವುದಕ್ಕೆ ಬೇಡ

ಶಿವರಾತ್ರಿ ಹೊತ್ತಿಗೆ ಥಂಡಿ ಬಿಟ್ಟಿತೆಂದರೆ ಗೋಕುಲ ರಸ್ತೆಯಿಂದ ಧಾರವಾಡದ ಟೋಲ್ ನಾಕಾದವರೆಗೆ ಗ್ಯಾರೇಜುಗಳ ಮುಂದೆ ಕೇಳುವ ಮಾತು ಒಂದೇ: “ಗಾಡಿ ಎವರೇಜ್ ಕೊಡವಲ್ದ್ರಿ.” ಅಂದರೆ ಬೈಕು ಲೀಟರಿಗೆ ಓಡುವ ಕಿಲೋಮೀಟರ್ ಇಳಿದಿದೆ. ಅದಕ್ಕೆ ಸಿಗುವ ಮದ್ದಿನ ಹೆಸರು ‘ಎವರೇಜ್ ಟ್ಯೂನಿಂಗ್’. ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೊರೇಟರ್ ತೊಳೆಯುವುದು, ಪ್ಲಗ್ ಉಜ್ಜುವುದು, ಏರ್ ಫಿಲ್ಟರಿಗೆ ಗಾಳಿ ಹೊಡೆಯುವುದು, ಚೈನ್ ಬಿಗಿ ಮಾಡುವುದು, ಕೊನೆಗೆ ಆ ಮಿಶ್ರಣ ಹೊಂದಿಸುವ ಏರ್ ಸ್ಕ್ರೂ ತಿರುವಿ ಗಾಡಿ ಕೈಗೆ ಕೊಡುವುದು. ಇದರಲ್ಲಿ ಅರ್ಧ ಕೆಲಸಕ್ಕೆ ಕೊಟ್ಟ ಹಣ ವಸೂಲಾಗುತ್ತದೆ. ಉಳಿದರ್ಧ ಬರೀ ಶಾಸ್ತ್ರ, ಅದರಲ್ಲೂ ಕೊನೆಯ ಸ್ಕ್ರೂ ಕೆಲಸ ಎಂಜಿನ್‌ಗೇ ಹಾನಿ ಮಾಡಬಲ್ಲದು.

ಗ್ಯಾರೇಜಿಗೆ ಹೋಗುವ ಮೊದಲು ಅಳತೆ ಸರಿಯಿರಬೇಕು. ನೂರು ರೂಪಾಯಿ ಪೆಟ್ರೋಲು ಹಾಕಿಸಿ, ರಿಸರ್ವ್‌ಗೆ ಬರುವವರೆಗೆ ಓಡಿಸಿ ಎಣಿಸುವುದು ಅಳತೆಯಲ್ಲ. ಒಂದೇ ಪಂಪಿನಲ್ಲಿ, ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಕನಿಷ್ಠ 150 ಕಿ.ಮೀ. ಓಡಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಗದಗ ಕಡೆ ಓಡಾಡುವವರು ಹೋಗಿ ಬರುವುದನ್ನು ಒಟ್ಟಿಗೆ ಲೆಕ್ಕ ಹಿಡಿಯಬೇಕು. ಮೂಡಗಾಳಿ ಇದ್ದ ದಿನ ಹೋಗುವಾಗ ಅದು ಎದೆಗೇ ಬಡಿಯುತ್ತದೆ, ಬರುವಾಗ ಬೆನ್ನಿಗೆ ಬರುತ್ತದೆ. ಒಂದೇ ದಿಕ್ಕಿನ ಲೆಕ್ಕ ಯಾವಾಗಲೂ ಸುಳ್ಳು.

ಈಗ ಮೊದಲ ಅಪರಾಧಿ: ತಣ್ಣನೆಯ ಎಂಜಿನ್ ಚಾಲೂ ಮಾಡಲು ಹೆಚ್ಚು ಪೆಟ್ರೋಲು ಬಿಡುವ ಚೋಕ್. ಡಿಸೆಂಬರ್, ಜನವರಿಯ ಮುಂಜಾನೆ ಎಳೆದ ಚೋಕ್ ಫೆಬ್ರವರಿಯಲ್ಲಿ ಪೂರ್ತಿ ವಾಪಸ್ ಹೋಗಿರುವುದಿಲ್ಲ. ಲಿವರ್ ಕೆಳಗೆ ಬಂದಿದ್ದರೂ ಧೂಳು ಹಿಡಿದ ಕೇಬಲ್ ಒಳಗಿನ ಪ್ಲಂಜರನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿರುತ್ತದೆ. ಅಷ್ಟು ಸಂದು ಸಾಕು, ಬೇಡದ ಪೆಟ್ರೋಲು ದಿನವಿಡೀ ಒಳಗೆ ಹೋಗುತ್ತದೆ. ಪರೀಕ್ಷೆ ಸುಲಭ. ಗಾಡಿ 5 ಕಿ.ಮೀ. ಓಡಿ ಬಿಸಿಯಾದ ಮೇಲೆ ನಿಂತಲ್ಲೇ ಚೋಕ್ ಎಳೆಯಿರಿ. ಎಂಜಿನ್ ಮುಗ್ಗರಿಸಬೇಕು ಇಲ್ಲವೇ ಬಂದಾಗಬೇಕು. ಏನೂ ವ್ಯತ್ಯಾಸ ಆಗದಿದ್ದರೆ ಚೋಕ್ ಮೊದಲೇ ತೆರೆದಿರಬಹುದು. ಕೇಬಲ್ ಬಿಚ್ಚಿ, ತೊಳೆದು, ತುದಿಯಲ್ಲಿ ಒಂದೆರಡು ಮಿ.ಮೀ. ಸಡಿಲ ಬಿಟ್ಟು ಕೂರಿಸಿದರೆ ಕೆಲಸ ಮುಗಿಯಿತು. ಇದನ್ನು ನೋಡದೆ ಕಾರ್ಬೊರೇಟರ್ ಬಿಚ್ಚುವ ಗ್ಯಾರೇಜಿಗೆ ಪೂರ್ತಿ ಅಂಕ ಕೊಡಲಾಗದು.

ಅದರ ಜೋಡಿಯೇ ಇನ್ನೊಂದು. ಚಳಿಯಲ್ಲಿ ಗಾಡಿ ಬಂದ್ ಬೀಳಬಾರದೆಂದು ಐಡ್ಲಿಂಗ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಸ್ಕ್ರೂ ಏರಿಸಿರುತ್ತಾರೆ, ಇಳಿಸುವುದು ಮರೆತುಹೋಗುತ್ತದೆ. 100 ಸಿಸಿ ಗಾಡಿಗಳಿಗೆ ಐಡ್ಲಿಂಗ್ ಸಾಮಾನ್ಯವಾಗಿ 1,400 ಆರ್‌ಪಿಎಂ ಆಸುಪಾಸು ಇದ್ದರೆ ಸಾಕು. ಸಿಗ್ನಲ್‌ನಲ್ಲಿ ಎಕ್ಸಲೇಟರ್ ಮುಟ್ಟದೆಯೂ ಗಾಡಿ ಹೂಂಕರಿಸುತ್ತಿದ್ದರೆ, ಚೆನ್ನಮ್ಮ ಸರ್ಕಲ್‌ನಂಥ ಕಡೆ ಕಾಯುವ ಪ್ರತಿ ನಿಮಿಷವೂ ಪೆಟ್ರೋಲು ಸುಮ್ಮನೆ ಉರಿಯುತ್ತದೆ.

ಏರ್ ಫಿಲ್ಟರ್ ವಿಷಯದಲ್ಲಿ ನಮ್ಮ ಭಾಗದ ಲೆಕ್ಕ ಬೇರೆ. ಥಂಡಿ ಮುಗಿಯುವ ಹೊತ್ತಿಗೆ ಹಿಂಗಾರಿನ ಕಡಲೆ, ಬಿಳಿಜೋಳದ ಒಕ್ಕಣೆ ನಡೆದಿರುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಎರಿ ಮಣ್ಣು ಹಿಟ್ಟಿನಂತೆ ಏಳುತ್ತದೆ. ಮ್ಯಾನ್ಯುವಲ್‌ನಲ್ಲಿ ಬರೆದ ಕಿಲೋಮೀಟರ್ ತನಕ ಈ ಧೂಳಿನಲ್ಲಿ ಫಿಲ್ಟರ್ ಬಾಳುವುದಿಲ್ಲ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅದ್ದಿ ಹಿಂಡಿ ಹಾಕಬಹುದು. ಹಿಂಡಬೇಕು, ತಿರುಚಬಾರದು, ತಿರುಚಿದರೆ ಸ್ಪಂಜು ಹರಿಯುತ್ತದೆ. ಎಣ್ಣೆ ಹಚ್ಚಿದ ಕಾಗದದ ಫಿಲ್ಟರಿಗೆ ಮಾತ್ರ ಕಂಪ್ರೆಸರ್ ಗಾಳಿ ಹೊಡೆಸಲೇಬೇಡಿ. ಧೂಳು ಹೋದಂತೆ ಕಾಣುತ್ತದೆ, ಎಣ್ಣೆಯ ಪದರ ಕೆಡುತ್ತದೆ, ಸಣ್ಣ ಧೂಳು ನೇರ ಸಿಲಿಂಡರಿಗೆ ಇಳಿಯುತ್ತದೆ. ಅದನ್ನು ಬದಲಿಸುವುದೊಂದೇ ದಾರಿ. ಫಿಲ್ಟರಿಗೆ ಉಳಿಸಿದ್ದನ್ನು ಪಿಸ್ಟನ್ ರಿಂಗಿಗೆ ಕಟ್ಟಬೇಕಾದೀತು.

ಪ್ಲಗ್ ಬಿಚ್ಚಿದಾಗ ಎದುರೇ ನಿಂತು ನೋಡಿ. ತುದಿ ಇಟ್ಟಂಗಿ ಅಥವಾ ಕಾಫಿ ಬಣ್ಣಕ್ಕಿದ್ದರೆ ಮಿಶ್ರಣ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಅಂದರೆ ಚೋಕ್ ಅಥವಾ ಫಿಲ್ಟರ್ ಕಡೆಯ ದೋಷ. ಎಣ್ಣೆಯ ಜಿಡ್ಡಿದ್ದರೆ ರಿಂಗು, ವಾಲ್ವ್ ಸೀಲ್ ನೋಡಬೇಕು. ಆಗ ಯಾವ ಟ್ಯೂನಿಂಗ್‌ನಿಂದಲೂ ಪ್ರಯೋಜನವಿಲ್ಲ. ಬೆಳ್ಳಗಾಗಿದ್ದರೆ ಪೆಟ್ರೋಲು ಕಡಿಮೆ, ಎಂಜಿನ್ ವಿಪರೀತ ಬಿಸಿಯಾಗುತ್ತಿದೆ.

ಆ ಬಿಳಿ ಬಣ್ಣಕ್ಕೂ ಏರ್ ಸ್ಕ್ರೂಗೂ ನಂಟಿದೆ. “ಏರ್ ಸೆಟ್ ಮಾಡಿ ಕೊಡ್ತೀನ್ರಿ, 10 ಕಿಲೋಮೀಟರ್ ಜಾಸ್ತಿ ಬರ್ತದ” ಎಂಬ ಮಾತು ಕೇಳಿದರೆ ಎಚ್ಚರ. ಪೆಟ್ರೋಲು ಕಡಿತಗೊಳಿಸಿದರೆ ಒಂದೆರಡು ಟ್ಯಾಂಕ್ ಮಟ್ಟಿಗೆ ಸಂಖ್ಯೆ ಏರಬಹುದು. ಆಮೇಲೆ ಪಿಕಪ್ ಸಾಯುತ್ತದೆ, ಎಕ್ಸಲೇಟರ್ ಹೆಚ್ಚು ತಿರುವಬೇಕಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಕುದಿಯುತ್ತದೆ. ಸರಿಯಾದ ಕ್ರಮ ಇದು: ಬಿಸಿ ಎಂಜಿನ್, ಸ್ಕ್ರೂ ಮೆತ್ತಗೆ ಪೂರ್ತಿ ಮುಚ್ಚಿ, ಕಂಪನಿ ಹೇಳಿದಷ್ಟು ಸುತ್ತು ತೆರೆದು, ಅಲ್ಲಿಂದ ಕಾಲು ಕಾಲು ಸುತ್ತು ತಿರುವುತ್ತ ಐಡ್ಲಿಂಗ್ ಅತ್ಯಂತ ಏರುವ ಜಾಗದಲ್ಲಿ ನಿಲ್ಲಿಸುವುದು, ಆಮೇಲೆ ಐಡ್ಲಿಂಗ್ ಇಳಿಸುವುದು. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ತೆರೆದಷ್ಟೂ ಗಾಳಿ ಹೆಚ್ಚು, ಎಂಜಿನ್ ಕಡೆಗಿದ್ದರೆ ತೆರೆದಷ್ಟೂ ಪೆಟ್ರೋಲು ಹೆಚ್ಚು. ಈ ವ್ಯತ್ಯಾಸ ಕೇಳಿದರೆ ತಡವರಿಸುವ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ.

ಚಕ್ರದ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುವಿ. ಎರಡು ಸುತ್ತು ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಶೂ ಹಿಡಿದಿದೆ ಅಥವಾ ಕ್ಯಾಮ್ ಒಣಗಿದೆ. ಪೆಡಲ್ ಸಡಿಲ 20–30 ಮಿ.ಮೀ. ಇರಲಿ. ಚೈನ್ ಸಡಿಲವೂ ಸುಮಾರು ಅಷ್ಟೇ. ಬಿಗಿ ಚೈನ್ ಸದ್ದು ಮಾಡುವುದಿಲ್ಲ ನಿಜ, ಆದರೆ ಶಕ್ತಿ ತಿನ್ನುತ್ತದೆ, ಬೇರಿಂಗನ್ನೂ ತಿನ್ನುತ್ತದೆ. ಟೈರಿಗೆ ಗಾಳಿ ದೀಪಾವಳಿ ಪೂಜೆಗೆ ಹಿಡಿಸಿದ್ದೇ ಕೊನೆಯಾಗಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಎಷ್ಟು ಪಿಎಸ್ಐ ಎಂಬುದು ಮ್ಯಾನ್ಯುವಲ್‌ನಲ್ಲಿದೆ. ಹಿಂದೆ ಒಬ್ಬರು ಕೂತರೆ ಬೇಕಾದ ಅಂಕಿ ಬೇರೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹಿಡಿಸಿ, ಮಧ್ಯಾಹ್ನದ ಬಿಸಿ ಟೈರ್ ಹೆಚ್ಚು ತೋರಿಸುತ್ತದೆ.

ಕ್ಲಚ್ ಜಾರುತ್ತಿದೆಯೇ ಎಂದು ನೋಡಲು ನೃಪತುಂಗ ಬೆಟ್ಟದ ಏರು ಸಾಕು. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟು ಸವೆದಿವೆ, ಇಲ್ಲವೇ ಲಿವರಿನಲ್ಲಿ ಸಡಿಲವೇ ಉಳಿದಿಲ್ಲ.

ಎಂಜಿನ್ ಆಯಿಲ್ ಹಾಕಿಸುವಾಗ ಡಬ್ಬಿ ಓದಿ. 10ಡಬ್ಲ್ಯೂ-30 ಬೇಕಾದ ಗಾಡಿಗೆ ‘ಬ್ಯಾಸಗಿ ಬಂತು’ ಎಂದು 20ಡಬ್ಲ್ಯೂ-50 ಸುರಿದರೆ ದಪ್ಪ ಎಣ್ಣೆಯನ್ನು ಕಡೆಯುವುದರಲ್ಲೇ ಪೆಟ್ರೋಲು ಹೋಗುತ್ತದೆ. ಅಳತೆ ನೋಡದೆ ಲೀಟರ್ ಡಬ್ಬಿ ಪೂರ್ತಿ ಹಾಕುವುದೂ ತಪ್ಪು. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಬಾರದು.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಂತ್ರಣದ ನಿಯಮ) ಗಾಡಿಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್ ಇಲ್ಲದ ಫ್ಯೂಯೆಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಕೈಯಿಂದ ಎಳೆಯುವ ಚೋಕ್ ಇಲ್ಲ, ತಿರುವಲು ಏರ್ ಸ್ಕ್ರೂವೂ ಇಲ್ಲ. ಅವಕ್ಕೂ ‘ಟ್ಯೂನಿಂಗ್’ ಎಂದು ಬಿಲ್ ಮಾಡಿದರೆ ಏನು ಮಾಡಿದಿರಿ ಎಂದು ಕೇಳಿ. ಎಂಜಿನ್ ಉಷ್ಣತೆಯ ಸೆನ್ಸರ್ ಕೆಟ್ಟು ಸದಾ ‘ತಣ್ಣಗಿದೆ’ ಎಂದೇ ಹೇಳುತ್ತಿದ್ದರೆ ಪೆಟ್ರೋಲು ಅಳೆದು ಬಿಡುವ ಕಂಪ್ಯೂಟರ್, ಅಂದರೆ ಇಸಿಯು, ಮಾರ್ಚಿನಲ್ಲೂ ಜನವರಿಯ ಲೆಕ್ಕದಲ್ಲೇ ಪೆಟ್ರೋಲು ಸುರಿಯುತ್ತದೆ. ಆಕ್ಸಿಜನ್ ಸೆನ್ಸರ್ ಕೆಟ್ಟರೂ ಅದೇ ಗತಿ. ಇದು ಪಾನಾದಿಂದ ಗೊತ್ತಾಗುವುದಲ್ಲ, ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಟ್ಯಾಂಕಿಗೆ ಸುರಿಯುವ ‘ಎವರೇಜ್ ಬೂಸ್ಟರ್’ ಶೀಶೆಗಳಿಂದ ಹಿಡಿದ ಬ್ರೇಕ್ ಬಿಡುವುದಿಲ್ಲ, ಸೆನ್ಸರ್ ರಿಪೇರಿಯಾಗುವುದಿಲ್ಲ. ಕೊಳ್ಳಬೇಡಿ.

ಹಣದ ಲೆಕ್ಕ ಹೀಗಿದೆ. ತಿಂಗಳಿಗೆ 1,000 ಕಿ.ಮೀ. ಓಡುವ ಗಾಡಿ 60ರಿಂದ 50ಕ್ಕೆ ಇಳಿದರೆ 16.7 ಲೀಟರ್ ಬದಲು 20 ಲೀಟರ್ ಬೇಕು. ತಿಂಗಳಿಗೆ 3.3 ಲೀಟರ್, ಅಂದರೆ ಮುನ್ನೂರು ರೂಪಾಯಿಗೂ ಮೇಲೆ ಹೆಚ್ಚುವರಿ. ಗ್ಯಾರೇಜಿನ ಮಜೂರಿಯನ್ನು ಈ ಅಂಕಿಗೆ ಹೋಲಿಸಿ, ಸಾಮಾನಿನ ಬೆಲೆ ಬೇರೆ ಬರೆಸಿ, ಬದಲಿಸಿದ ಹಳೆ ಸಾಮಾನು ಕೇಳಿ ಪಡೆಯಿರಿ.

ಎಲ್ಲ ಸರಿಮಾಡಿಸಿದ ಮೇಲೂ 60 ಬರುತ್ತಿದ್ದ ಹಳೆಯ ಗಾಡಿ 58ಕ್ಕೆ ನಿಂತರೆ ಮೆಕ್ಯಾನಿಕ್ ಜೊತೆ ಜಗಳ ಬೇಡ. ಪಂಪುಗಳಲ್ಲಿ ಈಗ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲು. ಲೀಟರಿಗೆ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಳೆಯ ದ್ವಿಚಕ್ರ ವಾಹನಗಳಲ್ಲಿ ಇದರಿಂದ 3ರಿಂದ 4 ಶೇಕಡಾ ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಆ 2 ಕಿಲೋಮೀಟರ್ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.