ಮೋಟರ್‌ಹೋಮ್ ಟ್ಯಾಂಕ್ ತುಂಬಲು ತಡವೇ? ನಾಜಲ್ ತಿರುಗಿಸುವುದಾ, ಪೈಪ್ ಸರಿ ಮಾಡುವುದಾ?

ಮೋಟರ್‌ಹೋಮ್‌ಗೆ, ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿಗೆ, ಡೀಸೆಲ್ ಹಾಕೋಕೆ ಹೋದರೆ ನಾಜಲ್ ಟಕ್ ಅಂತ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಟಕ್. ಪಂಪನ್ನು ಬೈದು ಪ್ರಯೋಜನವಿಲ್ಲ. ನಾಜಲ್ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಡೀಸೆಲ್‌ನಲ್ಲಿ ಮುಳುಗಿದ ಕೂಡಲೇ ನಾಜಲ್ ತಾನೇ ನಿಲ್ಲಬೇಕು, ಅದರ ಕೆಲಸವೇ ಅದು. ಟ್ಯಾಂಕಿನ ಗಾಳಿ ಹೊರಗೆ ಬರದಿದ್ದರೆ ಡೀಸೆಲ್ ಕೆಳಗೆ ಇಳಿಯದೆ, ಡೀಸೆಲ್ ಹಾಕುವ ಬಾಯಿಯ ಹತ್ತಿರವೇ ನಿಂತು ಆ ತೂತನ್ನು ಮುಚ್ಚಿಬಿಡುತ್ತದೆ.

ಮೊದಲು ನೋಡಿದ್ದು ಬಿಟ್ಟಿ ಉಪಾಯ. ನಾಜಲನ್ನು ಪೂರ್ತಿ ಒಳಗೆ ತಳ್ಳದೆ, ತಲೆಕೆಳಗಾಗಿ ಹಿಡಿದು, ಮೆಲ್ಲಗೆ ಒತ್ತುವುದು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕೈ ನೋಯುತ್ತದೆ, ಕೊನೆಯಲ್ಲಿ ಮೈಮೇಲೆ ಚಿಮ್ಮುವ ಭಯವೂ ಇದೆ. ಬಾಯಿ ಇರುವ ಕಡೆ ಎತ್ತರವಾಗುವಂತೆ ಗಾಡಿ ನಿಲ್ಲಿಸಿಯೂ ನೋಡಿದೆ. ಸ್ವಲ್ಪ ವಾಸಿ, ಅಷ್ಟೇ. ಎಲ್ಲ ಬಂಕ್‌ನಲ್ಲೂ ಅಂಥ ಇಳಿಜಾರು ಸಿಗಬೇಕಲ್ವಾ?

ಆಮೇಲೆ ಗಾಡಿ ಕೆಳಗೆ ಮಲಗಿ ನೋಡಿದರೆ ವಿಷಯ ಅಲ್ಲಿತ್ತು. ಇಂಥ ಗಾಡಿಗಳಲ್ಲಿ ಚಾಸಿ, ಅಂದರೆ ಅಡಿಯ ಚೌಕಟ್ಟು, ಮಾಡುವವರು ಒಬ್ಬರು, ಮೇಲಿನ ಮನೆ ಕಟ್ಟುವವರು ಇನ್ನೊಬ್ಬರು. ಟ್ಯಾಂಕ್ ಚಾಸಿ ನಡುವೆ, ಬಾಯಿ ದೂರದ ಗೋಡೆಯಲ್ಲಿ. ನಡುವಿನ ಪೈಪ್‌ಗಳು ಉದ್ದವಾಗಿ, ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಿರುತ್ತವೆ: ಡೀಸೆಲ್ ಇಳಿಯಲು ದಪ್ಪದ್ದೊಂದು, ಟ್ಯಾಂಕಿನ ಗಾಳಿ ಹೊರಬರಲು ಸಣ್ಣದೊಂದು. ನನ್ನ ಗಾಡಿಯ ಗಾಳಿ ಪೈಪ್ ಮಧ್ಯದಲ್ಲಿ ಜೋತುಬಿದ್ದಿತ್ತು. ಆ ತಗ್ಗಿನಲ್ಲಿ ಡೀಸೆಲ್ ನಿಂತರೆ ಗಾಳಿಗೆ ದಾರಿ ಎಲ್ಲಿ? ಮೇಲಿನ ತುದಿ ಬಿಚ್ಚಿ ಮೆಲ್ಲಗೆ ಗಾಳಿ ಬಿಟ್ಟಾಗ ಗುಳುಗುಳು ಸದ್ದು ಬಂತು.

ಪೈಪ್ ಊದಿ ತೆರವು ಮಾಡಿದರೆ ಒಂದು ಸಲಕ್ಕೆ ಚೆನ್ನಾಗಿ ತುಂಬುತ್ತದೆ, ಮುಂದಿನ ಸಲ ಅದೇ ಹಾಡು. ಒಳಗೆ ಹುಳ ಗೂಡು ಕಟ್ಟಿದ್ದರೆ ಮಾತ್ರ ಊದುವುದು ಸರಿಯಾದ ಮದ್ದು. ಆಗಲೂ ಎರಡೂ ತುದಿ ಬಿಚ್ಚಿಕೊಳ್ಳಿ, ಕಂಪ್ರೆಸರ್ ಗಾಳಿಯನ್ನು ಟ್ಯಾಂಕಿನೊಳಗೆ ನುಗ್ಗಿಸಬೇಡಿ. ಇನ್ನೂ ದಪ್ಪದ ಗಾಳಿ ಪೈಪ್ ಹಾಕುವ ಯೋಚನೆಯೂ ಬಂದಿತ್ತು. ಟ್ಯಾಂಕಿನ ಮೂತಿ ಅಷ್ಟೇ ಸಣ್ಣದಿದ್ದರೆ ಪೈಪ್ ಎಷ್ಟು ದಪ್ಪ ಇದ್ದು ಏನು ಬಂತು? ಬಿಟ್ಟೆ.

ನನಗೆ ಗೆದ್ದದ್ದು ದಾರಿ ಬದಲಿಸಿದ್ದು. ಗಾಳಿ ಪೈಪಿಗೆ ಇಂಧನಕ್ಕೆಂದೇ ಮಾಡಿದ ಹೊಸ ಪೈಪ್ ತಂದು, ಟ್ಯಾಂಕಿನಿಂದ ಬಾಯಿಯವರೆಗೆ ಎಲ್ಲೂ ಇಳಿಯದಂತೆ ಏರಿಸಿ, ನಡುನಡುವೆ ಕ್ಲಿಪ್ ಹಾಕಿದೆ. ಹೆಚ್ಚಾದ ಉದ್ದ ಕತ್ತರಿಸಿ ಬಿಸಾಡಿದೆ. ಸೈಲೆನ್ಸರ್ ಪೈಪಿನಿಂದ ದೂರವೂ ಇಟ್ಟೆ. ಈಗ ನಾಜಲ್ ಸಾಮಾನ್ಯವಾಗಿ ಹಿಡಿದರೂ ಸಾಕು.

ಇಷ್ಟಾದರೂ ನಿಧಾನವಾದರೆ ಡೀಸೆಲ್ ಇಳಿಯುವ ದಪ್ಪ ಪೈಪೇ ಮಡಚಿರಬಹುದು. ಅದನ್ನು ಬದಲಿಸಲು ಕೆಲವು ಗಾಡಿಗಳಲ್ಲಿ ಟ್ಯಾಂಕ್ ಇಳಿಸಬೇಕು, ಮೆಕ್ಯಾನಿಕ್‌ಗೆ ಬಿಡುವುದೇ ಜಾಣತನ. ಪೆಟ್ರೋಲ್ ಗಾಡಿಯಾದರೆ ಆವಿ ಹಿಡಿಯುವ ಇದ್ದಿಲ ಡಬ್ಬವನ್ನೂ ನೋಡಿಸಿ. ನಾಜಲ್ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಅದು ಪೆಟ್ರೋಲ್ ಕುಡಿದು ಕೆಡಬಹುದು.