ಕೋಳಿ ಪೀಸು, ಕೈಮ ಉಂಡೆ, ಮೊಟ್ಟೆ ದೋಸೆ: ನಮ್ಮ ಹುಡುಗ ಯಾವುದನ್ನು ನುಂಗಿದ, ಯಾವುದನ್ನು ಉಗಿದ

ಮಧ್ಯಾಹ್ನ ಒಂದೂವರೆಗೆ ಊಟ ಆಗಿತ್ತು. ನಾಲ್ಕು ಗಂಟೆಗೆ ಮಗ ಎದ್ದಾಗ ದಿಂಬಿನ ಮೇಲೆ ಬೆಳ್ಳಗೆ ಏನೋ ಬಿದ್ದಿತ್ತು. ಮುಟ್ಟಿ ನೋಡಿದರೆ ಕೋಳಿ. ರಸವೆಲ್ಲ ಹೋಗಿ ನಾರು ಮಾತ್ರ ಉಳಿದು, ಒದ್ದೆ ಹತ್ತಿ ಉಂಡೆ ಥರ ಆಗಿತ್ತು. ಅಂದರೆ ಅಷ್ಟೂ ಹೊತ್ತು ಅದನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡೇ ಮಲಗಿದ್ದ. "ಇವತ್ತು ಪೀಸೆಲ್ಲ ತಿಂದುಬಿಟ್ಟ" ಅಂತ ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಯೂ ಆಗಿತ್ತು. ನಿದ್ದೆಯಲ್ಲಿ ಅದು ಗಂಟಲಿಗೆ ಜಾರಿದ್ದರೆ? ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವತ್ತಿನಿಂದ ಮಲಗಿಸುವ ಮುಂಚೆ ಬಾಯಿ ತೆಗೆಸಿ, ಎರಡೂ ಕೆನ್ನೆ ನೋಡಿಯೇ ಮಲಗಿಸುವುದು.

ಆಗ ಅವನಿಗೆ ಎರಡು ವರ್ಷ. ಈಗ ಎರಡೂ ಮುಕ್ಕಾಲು. ನಾನು ಮಂಡ್ಯ ಕಡೆಯವನು, ಹೆಂಡತಿ ಉಡುಪಿಯವಳು, ಇರುವುದು ಬೆಂಗಳೂರು. ಹಾಗಾಗಿ ನಮ್ಮಮ್ಮ "ಮಟನ್ ತಿನ್ನಿಸು", ಅತ್ತೆ "ಮೀನು ತಿನ್ನಿಸಿ". ಹುಡುಗ ಮಾತ್ರ ಎರಡನ್ನೂ ಉಗಿದು "ಹಾಲು" ಅನ್ನುತ್ತಿದ್ದ. ಈ ಎಂಟು ಒಂಬತ್ತು ತಿಂಗಳಲ್ಲಿ ಮಾಡದ ಪ್ರಯೋಗ ಇಲ್ಲ. ಇದೇ ಪರದಾಟದಲ್ಲಿರುವವರು ಬೇಕಾದಷ್ಟು ಜನ ಇದ್ದಾರೆ ಅಂತ ಗೊತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಾಲಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ತಪ್ಪು ಶುರುವಾಗಿದ್ದೇ ಅಲ್ಲಿ. ಪ್ರೋಟೀನ್ ಸಾಲುತ್ತಿಲ್ಲ ಅಂತ ಮಕ್ಕಳ ಡಾಕ್ಟರ ಹತ್ತಿರ ಗೋಳಾಡಿದೆ. ಅವರು ಮಾಂಸದ ಸುದ್ದಿಗೇ ಹೋಗದೆ "ದಿನಕ್ಕೆ ಎಷ್ಟು ಹಾಲು?" ಅಂದರು. ನಾಲ್ಕು ಬಾಟಲಿ, ಅಂದರೆ 800 ಎಂ.ಎಲ್. ಅವರು ಅಲ್ಲೇ ಒಂದು ಲೆಕ್ಕ ಹಾಕಿ ತೋರಿಸಿದರು. ಈ ವಯಸ್ಸಿಗೆ ಮೈತೂಕದ ಕೆ.ಜಿ.ಗೆ ಹೆಚ್ಚುಕಮ್ಮಿ 1 ಗ್ರಾಂ ಪ್ರೋಟೀನ್ ಸಾಕು, ಇವನು 12 ಕೆ.ಜಿ., ಅಂದರೆ ದಿನಕ್ಕೆ 12–13 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ ಇನ್ನೊಂದು 6 ಗ್ರಾಂ. ಮುಗಿಯಿತು! ನಾನು ತಲೆ ಕೆಡಿಸಿಕೊಂಡಿದ್ದ ಪ್ರೋಟೀನು ಅವನಿಗೆ ಹಾಲಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಸಿಗದೆ ಇದ್ದದ್ದು ಕಬ್ಬಿಣ. ಹಾಲಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು, ಮೇಲಾಗಿ ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.4. ಈ ವಯಸ್ಸಿಗೆ 11 ಇರಬೇಕು. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಕ್ಕಳಿಗೆ ರಕ್ತಹೀನತೆ. ಡಾಕ್ಟರು ಕಬ್ಬಿಣದ ಡ್ರಾಪ್ಸ್ ಬರೆದರು. ಹಾಲು 400 ಎಂ.ಎಲ್.ಗೆ ಇಳಿಸಿದೆವು, ಅದನ್ನೂ ಬಾಟಲಿ ಬಿಟ್ಟು ಲೋಟದಲ್ಲಿ. ನಾಲ್ಕು ದಿನ ಮನೆ ರಣರಂಗ. ಐದನೇ ದಿನ ಅವನೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು "ಮಮ್ಮು" ಅಂದ. ಹಸಿವು ಅನ್ನೋದು ಅವನಿಗೂ ಆಗುತ್ತದೆ ಅಂತ ನಮಗೆ ಅವತ್ತೇ ಗೊತ್ತಾಗಿದ್ದು.

ಈಗ ಕೋಳಿ ಮತ್ತು ಕೈಮ, ಅಂದರೆ ಕೊಚ್ಚಿದ ಮಾಂಸ. ಎಲ್ಲರೂ ಕೋಳಿಯಿಂದಲೇ ಶುರು ಮಾಡುತ್ತಾರೆ, ಮೆತ್ತಗಿರುತ್ತೆ ಅಂತ. ನಮಗೆ ಮೆತ್ತಗೆ ಸರಿ. ಎದೆ ಭಾಗದ ಪೀಸನ್ನು ಎಷ್ಟು ಸಣ್ಣದಾಗಿ ಬಿಡಿಸಿ ಕೊಟ್ಟರೂ ಅದು ದಾರ ದಾರವಾಗಿ ಬಾಯಲ್ಲಿ ಸುತ್ತಿಕೊಳ್ಳುತ್ತದೆ. ಅದನ್ನು ಅರೆಯಲು ಹಿಂದಿನ ದವಡೆ ಹಲ್ಲು ಬೇಕು, ಆ ಹಲ್ಲು ಬರುವುದೇ ಎರಡು ವರ್ಷದ ಆಚೆ ಈಚೆ. ಇವನಿಗೆ ಆಗ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೂ ನಾನು ಖಾರ ಜಾಸ್ತಿ ಆಯ್ತೇನೋ, ಮಸಾಲೆ ವಾಸನೆ ಹಿಡಿಸಲಿಲ್ಲವೇನೋ ಅಂತ ರುಚಿಯನ್ನೇ ದೂರುತ್ತಿದ್ದೆ. ಅದೇ ಹುಡುಗ ಕೋಳಿ ಸಾರಿಗೆ ಮುದ್ದೆ ಅದ್ದಿ ಕೊಟ್ಟರೆ ನೆಕ್ಕಿ ನೆಕ್ಕಿ ತಿನ್ನುತ್ತಿದ್ದ! ರುಚಿ ಬೇಕಿತ್ತು, ಜಗಿಯೋದಕ್ಕೆ ಆಗುತ್ತಿರಲಿಲ್ಲ, ಅಷ್ಟೇ. ಇದು ತಲೆಗೆ ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು. ಆಮೇಲೆ ಎದೆ ಭಾಗ ಬಿಟ್ಟು ತೊಡೆ ಭಾಗ ತಂದೆ. ಅದರಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ, ಒಣಗುವುದಿಲ್ಲ, ನಾರು ಗಿಡ್ಡ. ಎರಡು ತುತ್ತು ಒಳಗೆ ಹೋಯಿತು. ಮೂರನೆಯದು ಮತ್ತೆ ಕೆನ್ನೆಗೆ.

ಕೈಮ ಉಂಡೆ ಬಂದಿದ್ದು ಹೊಸತೊಡಕಿನ ದಿನ. ಯುಗಾದಿಯ ಮಾರನೇ ದಿನ ನಮ್ಮ ಕಡೆ ಮಾಂಸದೂಟ ಇಲ್ಲದ ಮನೆ ಕಮ್ಮಿ. ಗುಡ್ಡೆ ಮಾಂಸ ತಂದು, ಅದರಲ್ಲೇ ಸ್ವಲ್ಪ ಕೈಮ ಮಾಡಿಸಿ ಅಮ್ಮ ಉಂಡೆ ಸಾರು ಮಾಡಿದ್ದಳು. ಅಮ್ಮ ಮಾಡುವ ಕ್ರಮವನ್ನು ಹೇಳಲೇಬೇಕು, ಗುಟ್ಟೆಲ್ಲ ಅಲ್ಲೇ ಇದೆ. ಅಂಗಡಿಯವನು ಕೊಚ್ಚಿಕೊಟ್ಟ ಕೈಮವನ್ನು ಹಾಗೇ ಬಳಸುವುದಿಲ್ಲ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಒಂದು ಹಿಡಿ ಕಾಯಿ ಹಾಕಿ ಇನ್ನೊಮ್ಮೆ ನುಣ್ಣಗೆ ರುಬ್ಬಬೇಕು, ನೀರು ಸೋಕಿಸಬಾರದು. ಆಮೇಲೆ ಹುರಿಗಡಲೆ ಪುಡಿ ಎರಡು ಚಮಚ. ಅದೇ ಅಂಟು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಕುದಿಯುವ ಸಾರಿಗೆ ಒಂದೊಂದಾಗಿ ಬಿಟ್ಟು, ಐದಾರು ನಿಮಿಷ ಸೌಟು ಹಾಕಲೇಬಾರದು. ನಾನು ಹಾಕಿದೆ, ಎರಡು ಉಂಡೆ ಒಡೆದವು, ಬೈಸಿಕೊಂಡೆ. ಬೆಂದ ಉಂಡೆಯನ್ನು ಬೆರಳಲ್ಲಿ ಒತ್ತಿದರೆ ಇಡ್ಲಿ ಥರ ಬಿರಿಯುತ್ತದೆ, ನಾರು ಅನ್ನೋದೇ ಇಲ್ಲ. ಹುಡುಗ ಒಂದು ಚೂರು ಬಾಯಿಗೆ ಇಟ್ಟುಕೊಂಡ. ನಾವು ಐದು ಜನ ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ನುಂಗಿದ. ಕೈ ಚಾಚಿದ. ಒಂದೂವರೆ ಉಂಡೆ ತಿಂದ ಅವತ್ತು.

ಇಡೀ ಉಂಡೆ ಕೊಡಬೇಡಿ. ದುಂಡಗಿರುವ ಯಾವುದೂ ಈ ವಯಸ್ಸಿಗೆ ಅಪಾಯ, ಗಂಟಲಿಗೆ ಬಿರಡೆ ಹಾಕಿದಂತೆ ಕೂತುಬಿಡುತ್ತದೆ. ನಾನು ಚಪ್ಪಟೆ ಮಾಡಿ ನಾಲ್ಕು ಚೂರು ಮಾಡುತ್ತೇನೆ. ನಿಂಬೆ ಗಾತ್ರದ ಒಂದು ಉಂಡೆಯಲ್ಲಿ ಪ್ರೋಟೀನು ನಾಲ್ಕೈದು ಗ್ರಾಂ ಸಿಕ್ಕೀತು. ಅದಕ್ಕಿಂತ ಮುಖ್ಯ ಮಾಂಸದ ಕಬ್ಬಿಣ, ಅದು ಸೊಪ್ಪು ಬೇಳೆಯ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಕೋಳಿ ಎದೆ ಭಾಗಕ್ಕೆ ಹೋಲಿಸಿದರೆ ಮಟನ್‌ನಲ್ಲಿ ಕಬ್ಬಿಣವೂ ಜಾಸ್ತಿ. ದುಡ್ಡು? ಮಟನ್ ಕೆ.ಜಿ.ಗೆ 800 ರೂಪಾಯಿ ಆಸುಪಾಸು ಕೊಡುತ್ತೇನೆ, ಆದರೆ ಮಗುವಿಗೆ ಬೇಕಾಗುವುದು ಕಾಲು ಕೆ.ಜಿ. ಬೇಯಿಸದ ಉಂಡೆಯನ್ನು ಫ್ರೀಜರಿಗೆ ಹಾಕಿದರೆ ಎರಡು ವಾರ ಬರುತ್ತದೆ. 300 ರೂಪಾಯಿ ಕೋಳಿ ತಂದು ಅದನ್ನು ದಿಂಬಿನ ಮೇಲಿಂದ ಎತ್ತಿ ಬಿಸಾಡುವುದಕ್ಕಿಂತ ಅಗ್ಗವೇ.

ಲಿವರ್, ನಮ್ಮೂರಿನ ಭಾಷೆಯಲ್ಲಿ ಈಲಿ, ಕಬ್ಬಿಣದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ. ಇಲ್ಲಿ ಒಂದು ದಡ್ಡ ಕೆಲಸ ಮಾಡಿದೆ. ಬೇಯಿಸಿ ಪೇಸ್ಟ್ ಮಾಡಿ ಉಪ್ಪಿಟ್ಟಿನೊಳಗೆ ಬೆರೆಸಿ ಕೊಟ್ಟೆ, ಗೊತ್ತಾಗಲ್ಲ ಅಂದುಕೊಂಡು. ಮೊದಲ ತುತ್ತಿಗೇ ಗೊತ್ತಾಯಿತು. ಲಿವರ್ ತಿನ್ನಲಿಲ್ಲ ಅನ್ನುವುದು ಹಾಗಿರಲಿ, ಆವರೆಗೆ ಖುಷಿಯಾಗಿ ತಿನ್ನುತ್ತಿದ್ದ ಉಪ್ಪಿಟ್ಟನ್ನೇ ಮೂರು ವಾರ ಬಾಯಿಗಿಡಲಿಲ್ಲ. ಇದ್ದ ಒಂದು ತಿಂಡಿಯನ್ನೂ ಕಳೆದುಕೊಂಡೆ. ಆಮೇಲೆ ಯಾವುದನ್ನೂ ಬಚ್ಚಿಟ್ಟು ಕೊಟ್ಟಿಲ್ಲ. ಅದೇ ಲಿವರ್ ಅನ್ನು ನಮ್ಮಪ್ಪ ಮೆಣಸು ಹಾಕಿ ಹುರಿಸಿಕೊಂಡು ತಿನ್ನುವಾಗ ಇವನು ತೊಡೆ ಮೇಲೆ ಕೂತು ಕಿತ್ತುಕೊಂಡು ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬೇರೆ! ವಾರಕ್ಕೊಮ್ಮೆ ಬೆರಳ ತುದಿಯಷ್ಟು ಸಾಕು, ವಿಟಮಿನ್ ಎ ಅದರಲ್ಲಿ ವಿಪರೀತ ಇರುತ್ತದೆ, ಚಿಕ್ಕ ಮಕ್ಕಳಿಗೆ ದಿನಾ ಕೊಡುವ ಸಾಮಾನಲ್ಲ ಅದು.

ಅತ್ತೆ ಮನೆಯ ವಾದಕ್ಕೆ ಬರೋಣ. ಜಗಿಯುವ ಲೆಕ್ಕದಲ್ಲಿ ಮೀನನ್ನು ಹೊಡೆಯುವಂಥದ್ದು ಬೇರೊಂದಿಲ್ಲ, ನಾಲಿಗೆಯಲ್ಲೇ ಕರಗುತ್ತದೆ. ತೊಂದರೆ ಮುಳ್ಳು. ಬೂತಾಯಿ ಅಗ್ಗ, ಒಳ್ಳೆಯ ಕೊಬ್ಬು ಇದೆ, ಆದರೆ ಕೂದಲಿನಂಥ ಮುಳ್ಳು ಆರಿಸುವಷ್ಟರಲ್ಲಿ ಹುಡುಗ ಎದ್ದು ಹೋಗಿರುತ್ತಾನೆ. ಬಂಗುಡೆ ಪರವಾಗಿಲ್ಲ. ಅಂಜಲ್‌ನಲ್ಲಿ ಮುಳ್ಳು ಕಮ್ಮಿ, ಬೆಲೆ ಜಾಸ್ತಿ, ಮತ್ತೆ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು ಸೇರಿಕೊಳ್ಳುತ್ತದೆ ಅಂತ ಮಕ್ಕಳಿಗೆ ಅದನ್ನು ಅಪರೂಪಕ್ಕೆ ಕೊಡುವುದು ಒಳ್ಳೆಯದು. ನಮ್ಮಲ್ಲಿ ಗೆದ್ದಿದ್ದು ಕಾಣೆ ಮೀನು. ನಡುಮುಳ್ಳು ಒಂದು ಎಳೆದರೆ ಮಾಂಸ ಬಿಡಿಯಾಗಿ ಬರುತ್ತದೆ, ಆದರೂ ಪ್ರತಿ ತುತ್ತನ್ನೂ ಬೆರಳಲ್ಲಿ ಹಿಸುಕಿ ನೋಡಿಯೇ ಕೊಡಬೇಕು. ಉಡುಪಿಗೆ ಹೋದಾಗ ಪ್ರತಿದಿನ ತಿಂದ. ಬೆಂಗಳೂರಿಗೆ ಬಂದ ಮೇಲೆ ವಾರ ವಾರ ತಾಜಾ ಕಾಣೆ ಎಲ್ಲಿಂದ ತರುವುದು? ಜೂನ್ ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಬೇರೆ, ಆಗಿನ ರೇಟು ಕೇಳಲೇಬೇಡಿ. ಕಡಲ ತೀರದಲ್ಲಿ ಇರುವವರು ಕೈಮ ಗೈಮ ಅಂತ ಯೋಚಿಸದೆ ಮೀನಿಗೇ ಹೋಗಿ. ನಮ್ಮಂಥವರಿಗೆ ಅದು ರಜೆಯ ಊಟ. (ಇದನ್ನು ಅತ್ತೆ ಓದದಿದ್ದರೆ ಸಾಕು.)

ದಿನನಿತ್ಯದ ಓಟದಲ್ಲಿ ಮೊಟ್ಟೆಗೆ ಸಾಟಿ ಇಲ್ಲ, ಆದರೆ ಯಾವ ರೂಪ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೇಯಿಸಿದ ಮೊಟ್ಟೆಯ ಹಳದಿ ಒಣ ಹಿಟ್ಟಿನ ಥರ ಗಂಟಲು ಹಿಡಿಯುತ್ತದೆ, ನನಗೇ ನೀರು ಬೇಕಾಗುತ್ತದೆ. ಬುರ್ಜಿಯನ್ನು ಚೂರು ಚೂರಾಗಿ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. ಮೊಟ್ಟೆ ದೋಸೆ ಒಂದೇ ಸಲಕ್ಕೆ ಪಾಸಾಯಿತು. ಕಾವಲಿ ಮೇಲೆ ಹಿಟ್ಟು ಹುಯ್ದು, ಅದರ ಮೇಲೆ ಮೊಟ್ಟೆ ಒಡೆದು ಹರಡಿ, ಮಗುಚಿ ಹಾಕಿ ಪೂರ್ತಿ ಬೇಯಿಸಬೇಕು. ಬೆರಳುದ್ದ ಪಟ್ಟಿ ಕತ್ತರಿಸಿ ಕೈಗೆ ಕೊಟ್ಟರೆ ಆಯಿತು. ಮೆತ್ತಗೂ ಇದೆ, ಕಚ್ಚೋದಕ್ಕೆ ಹಿಡಿತವೂ ಇದೆ. ಬರೀ ಬೇಯಿಸಿದ ಮೊಟ್ಟೆಯನ್ನು ಅವನು ತಿಂದಿದ್ದು ಊರಲ್ಲಿ ಮಾತ್ರ, ಅಣ್ಣನ ಮಗಳ ಜೊತೆ. ಅವಳು ಸರ್ಕಾರಿ ಶಾಲೆ. ಅಲ್ಲಿ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ, ಬೇಡ ಅನ್ನುವವರಿಗೆ ಬಾಳೆಹಣ್ಣು. ಹಾಗಾಗಿ ಅವಳಿಗೆ ಮೊಟ್ಟೆ ಬಿಡಿಸುವುದರಲ್ಲಿ ಭಾರಿ ಕೈಚಳಕ. ಹಣೆಗೆ ಕುಟ್ಟಿಕೊಂಡು ಸಿಪ್ಪೆ ಒಡೆಯುತ್ತಾಳೆ. ಇವನೂ ಕುಟ್ಟಿಕೊಂಡ, ಅತ್ತ, ತಿಂದ.

ಬೇಳೆ ಕಾಳಿನಲ್ಲಿ ನುಚ್ಚಿನುಂಡೆ ಒಂದನ್ನೇ ನಾನು ಕೈಮದ ಪಕ್ಕ ಕೂರಿಸುತ್ತೇನೆ. ತೊಗರಿಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಅದೂ ಕೈಮ ಉಂಡೆಯಂತೆಯೇ ಬಿರಿಯುತ್ತದೆ. ತುಪ್ಪ ಧಾರಾಳ ಹಾಕಿ, ಇಲ್ಲದಿದ್ದರೆ ಒಣ ಒಣ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಬೇಳೆಯ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಾಂಸ ತಿನ್ನದ ಮನೆಯವರು ನನ್ನ ಕೇಳಿದರೆ ಪನೀರ್‌ಗಿಂತ ಮೊದಲು ಇದನ್ನೇ ಹೇಳುವುದು. ಚಳಿಗಾಲದಲ್ಲಿ ಹಿತಕಿದ ಬೇಳೆಯೂ ಹಾಗೇ, ಸಿಪ್ಪೆ ಇಲ್ಲ, ಬೆಣ್ಣೆಯಂತೆ ಬೇಯುತ್ತದೆ. ಹಿತಕುವವರು ಬೇಕು ಅಷ್ಟೇ. ಪನೀರ್ ಹಲ್ಲಿಗೆ ಕಿರ್ ಕಿರ್ ಅನ್ನುತ್ತದೆ ಅಂತ ಉಗಿದ, ಪುಡಿ ಮಾಡಿ ಚಪಾತಿಯೊಳಗೆ ಅವನ ಕಣ್ಣ ಮುಂದೆಯೇ ಹಾಕಿದರೆ ತಿನ್ನುತ್ತಾನೆ. ಪ್ರೋಟೀನ್ ಇದೆ, ಆದರೆ ಅದೂ ಹಾಲೇ ಅಲ್ವಾ, ಕಬ್ಬಿಣ ಇಲ್ಲ. ಸೋಯಾ ಚಂಕ್ಸ್ ಸ್ಪಂಜು. ಮುಂದಕ್ಕೆ ಹೋಗೋಣ.

ಅಜ್ಜಿಯರ ಜೊತೆ ಜಗಳ ಆಗುವ ವಿಷಯ ಒಂದಿದೆ. ಕಾಲು ಸೂಪು. ಹುಡುಗ ಗಟಗಟ ಕುಡಿಯುತ್ತಾನೆ, ಅಮ್ಮನಿಗೆ ಜನ್ಮ ಸಾರ್ಥಕ. ಆದರೆ ಸತ್ವವೆಲ್ಲ ಸಾರಿಗೆ ಇಳಿದಿರುತ್ತದೆ ಅನ್ನುವುದು ಸುಳ್ಳು, ಪ್ರೋಟೀನು ಬಹುಪಾಲು ಪೀಸಿನಲ್ಲೇ ಉಳಿದಿರುತ್ತದೆ, ಕಬ್ಬಿಣವೂ ಅಷ್ಟೇ. ಬೇಳೆ ಕಟ್ಟಿನ ಕಥೆಯೂ ಇದೇ. ಮೇಲಿನ ತಿಳಿ ಬಸಿದು ಅನ್ನಕ್ಕೆ ಕಲಸಿ ಮಗುವಿಗೆ ಕೊಟ್ಟು, ತಳದ ಬೇಳೆಯನ್ನು ದೊಡ್ಡವರು ತಿನ್ನುವುದು. ಉಲ್ಟಾ ಆಗಬೇಕು. ಅಮ್ಮನ ಹತ್ತಿರ ವಾದ ಮಾಡಿ ಗೆಲ್ಲಲಿಲ್ಲ. ಸೂಪಿನ ಬಟ್ಟಲಿಗೆ ಒಂದು ಕೈಮ ಉಂಡೆ ಹಿಸುಕಿ ಹಾಕುತ್ತೇವೆ, ಇಬ್ಬರೂ ಗೆದ್ದ ಲೆಕ್ಕ.

ಡಬ್ಬಿ ಪೌಡರಿಗೂ ದುಡ್ಡು ಸುರಿದಿದ್ದೇನೆ. ಮನೆಗೆ ತಂದು ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದರೆ ಪ್ರೋಟೀನಿಗಿಂತ ಸಕ್ಕರೆ ಜಾಸ್ತಿ. ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಅದನ್ನು ಹಾಕಿದರೆ ಮತ್ತೆ ಹಾಲು ಜಾಸ್ತಿ ಕುಡಿಯುತ್ತಾನೆ, ಬಂದ ದಾರಿಗೇ ವಾಪಸ್. ಡಬ್ಬಿಯಲ್ಲಿ ಈಗ ಹುರಿಗಡಲೆ ಪುಡಿ ತುಂಬಿಟ್ಟಿದ್ದೇವೆ.

ಸದ್ಯ ನಮ್ಮ ವಾರ ಹೀಗೆ ನಡೆಯುತ್ತದೆ: ಬೆಳಿಗ್ಗೆ ಹೆಚ್ಚುಕಮ್ಮಿ ದಿನಾ ಮೊಟ್ಟೆ ದೋಸೆ, ವಾರಕ್ಕೆ ಮೂರು ದಿನ ಕೈಮ ಉಂಡೆ, ಎರಡು ದಿನ ನುಚ್ಚಿನುಂಡೆ, ಉಳಿದದ್ದು ಅವತ್ತಿನ ಅವನ ಮೂಡು. ತಿನ್ನದ ದಿನ ತಟ್ಟೆ ಎತ್ತಿಡುತ್ತೇವೆ, ಹಿಂದೆ ಓಡುವುದು, ಮೊಬೈಲ್ ತೋರಿಸುವುದು ಬಿಟ್ಟಾಯಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.3 ಬಂತು. ಡ್ರಾಪ್ಸ್‌ನಿಂದ ಎಷ್ಟು, ಉಂಡೆಯಿಂದ ಎಷ್ಟು ಅಂತ ಅಮ್ಮನ ಹತ್ತಿರ ಕೇಳಿದರೆ ಬೇರೆ ಉತ್ತರ, ಡಾಕ್ಟರ ಹತ್ತಿರ ಕೇಳಿದರೆ ಬೇರೆ.

ಹಿಂದಿನ ಭಾನುವಾರ ನನ್ನ ತಟ್ಟೆಯಿಂದ ಲೆಗ್ ಪೀಸ್ ಎಳೆದುಕೊಂಡ. ಹಿಂದಿನ ದವಡೆ ಹಲ್ಲು ಈಗ ನಾಲ್ಕೂ ಬಂದಿವೆ. ಐದು ನಿಮಿಷ ಜಗಿದ, ಚೀಪಿದ. ಆಮೇಲೆ ನಾರನ್ನು ಅಂಗೈಗೆ ಉಗಿದು, ನೀಟಾಗಿ ನನ್ನ ತಟ್ಟೆಯ ಅಂಚಿಗೆ ಅಂಟಿಸಿ, "ಉಂಡೆ ಕೊಡು" ಅಂದ.