ಉಪ್ಪುಗಾಳಿಯಲ್ಲಿ ಒಂಬತ್ತು ಮಳೆಗಾಲ ಕಂಡ ಎಫ್‌ಆರ್‌ಪಿ ಟವರ್

ಕುಂದಾಪುರದ ಕಡಲತಡಿಯಲ್ಲಿರುವ ನಮ್ಮ ಐಸ್ ಪ್ಲಾಂಟ್‌ನಲ್ಲಿ ವೈರ್‌ಲೆಸ್ ಆಂಟೆನಾ ಹೊತ್ತಿದ್ದ 12 ಮೀಟರ್ ಎತ್ತರದ ಟವರ್ ಮೊದಲು ಉಕ್ಕಿನದಾಗಿತ್ತು. ಸತುವಿನ ಲೇಪನವಿದ್ದರೂ ಬೋಲ್ಟ್ ತೂತುಗಳ ಸುತ್ತ ತುಕ್ಕು ಹಿಡಿದು, ಎಷ್ಟು ಉಜ್ಜಿ ಬಣ್ಣ ಬಳಿದರೂ ಅಡ್ಡಪಟ್ಟಿಗಳು ತೆಳುವಾಗುತ್ತಲೇ ಹೋದವು. 2016ರ ಬೇಸಿಗೆಯಲ್ಲಿ ಅದನ್ನು ಬಿಚ್ಚಿಸಿ, ಗಾಜಿನ ನಾರು ಮತ್ತು ವಿನೈಲ್ ಎಸ್ಟರ್ ಎಂಬ ಪ್ಲಾಸ್ಟಿಕ್ ರಾಳದಿಂದ ತಯಾರಾದ, ನಾರು ಬಲವರ್ಧಿತ ಪ್ಲಾಸ್ಟಿಕ್ ಎನ್ನುವ ಎಫ್‌ಆರ್‌ಪಿ ಟವರ್ ನಿಲ್ಲಿಸಿದೆವು. ಅಂದಿನಿಂದ ಅದರ ನಿರ್ವಹಣೆ ನನ್ನ ಹೊಣೆ.

ತುಕ್ಕಿನ ವಿಚಾರದಲ್ಲಿ ನಿರೀಕ್ಷೆ ಹುಸಿಯಾಗಲಿಲ್ಲ. ಅದೇ ಗಾತ್ರದ ಉಕ್ಕಿನ ಸುಮಾರು ಕಾಲುಭಾಗ ತೂಕವಷ್ಟೇ ಇರುವುದರಿಂದ ಕ್ರೇನ್ ಕೂಡ ಬೇಕಾಗಲಿಲ್ಲ.

ತೊಂದರೆ ಕೊಟ್ಟಿದ್ದು ಬಾಗುವಿಕೆ. ಈ ವಸ್ತುವಿನ ಎಳೆತ ತಾಳುವ ಶಕ್ತಿ ಸಾಧಾರಣ ಉಕ್ಕಿಗೆ ಹತ್ತಿರವಿದ್ದರೂ, ಬಾಗದೆ ನಿಲ್ಲುವ ಗುಣವನ್ನು ಅಳೆಯುವ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್ ಆದರೆ ಇಂತಹ ಎಫ್‌ಆರ್‌ಪಿಗೆ ನಾರಿನ ಉದ್ದಕ್ಕೂ 23ರ ಆಸುಪಾಸು ಮಾತ್ರ. ಸರಬರಾಜುದಾರರು ಹಳೆಯ ಉಕ್ಕಿನ ನಕ್ಷೆಯನ್ನೇ ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿದ್ದರಿಂದ, ಮೊದಲ ಜೂನ್‌ನ ಗಾಳಿಗೆ ತುದಿ ಓಲಾಡಿ, ಡಿಶ್‌ನ ದಿಕ್ಕು ತಪ್ಪಿ ಸಂಪರ್ಕ ಪದೇಪದೇ ಕಡಿಯಿತು. ಟವರ್ ಮುರಿಯುವ ಭಯವಿರಲಿಲ್ಲ, ಆದರೆ ಅದನ್ನು ಯಾವ ಕೆಲಸಕ್ಕೆ ನಿಲ್ಲಿಸಿದ್ದೆವೋ ಆ ಕೆಲಸವೇ ನಡೆಯುತ್ತಿರಲಿಲ್ಲ. ಮೂರು ದಿಕ್ಕಿಗೆ ಸ್ಟೇ ವೈರ್ (ಟವರನ್ನು ನೆಲಕ್ಕೆ ಎಳೆದು ಕಟ್ಟುವ ತಂತಿ) ಬಿಗಿದ ಮೇಲೆಯೇ ಅದು ಹತೋಟಿಗೆ ಬಂದದ್ದು.

ಜೋಡಣೆಗಳಿಗೂ ಅಷ್ಟೇ ಎಚ್ಚರ ಬೇಕು. ಉಕ್ಕು ಒತ್ತಡ ಮಿತಿಮೀರಿದಾಗ ಮಣಿದು ಮುನ್ಸೂಚನೆ ಕೊಡುತ್ತದೆ. ಇದು ಹಾಗೆ ಮಣಿಯದೆ ತೂತಿನ ಅಂಚಿನಿಂದ ಸೀಳುತ್ತದೆ. ಬಿಗಿದ ಒತ್ತಡಕ್ಕೆ ರಾಳ ಕಾಲಕ್ರಮದಲ್ಲಿ ತುಸು ಕುಗ್ಗುವುದರಿಂದ ಬೋಲ್ಟ್‌ಗಳ ಬಿಗಿತ ಇಳಿಯುತ್ತದೆ. ಹಾಗಾಗಿ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ಅಗಲ ವಾಷರ್ ಹಾಕಿ, ಪ್ರತಿ ಮಳೆಗಾಲಕ್ಕೂ ಮೊದಲು ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಪರೀಕ್ಷಿಸುತ್ತೇನೆ. ಸ್ಥಳದಲ್ಲಿ ಕೊರೆದ ತೂತಿಗೆ ಕೂಡಲೇ ರಾಳ ಸವರದಿದ್ದರೆ ನೀರು ನಾರಿನೊಳಗೆ ಇಳಿಯುತ್ತದೆ.

ಐದನೆಯ ವರ್ಷದಲ್ಲಿ ಬಿಸಿಲು ಬೀಳುವ ಪಶ್ಚಿಮದ ಕಾಲು ಮಂಕಾಗಿ, ಕೈಯಾಡಿಸಿದರೆ ಗಾಜಿನ ನಾರು ಚುಚ್ಚತೊಡಗಿತು. ಪಾಲಿಯುರೆಥೇನ್ ಬಣ್ಣ ಬಳಿದ ನಂತರ ಅದು ಮುಂದುವರಿದಿಲ್ಲ. ಎಫ್‌ಆರ್‌ಪಿಯಲ್ಲಿ ವಿದ್ಯುತ್ ಹರಿಯದ ಕಾರಣ ಸಿಡಿಲಿನ ರಕ್ಷಣೆಗೆ ತುದಿಯಿಂದ ಅರ್ತಿಂಗ್‌ವರೆಗೆ ತಾಮ್ರದ ಪಟ್ಟಿಯನ್ನು ಪ್ರತ್ಯೇಕವಾಗಿ ಇಳಿಸಲೇಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಬಲ್ಲವರಿಗೆ ಇದರ ಮಹತ್ವ ತಿಳಿದಿರುತ್ತದೆ.

ಈ ವಸ್ತು ಬಾಳುವುದೇ ಎಂಬ ಪ್ರಶ್ನೆ ನಮ್ಮಲ್ಲಿಯೂ ಎದ್ದಿತ್ತು. ಸ್ಕಾಟ್‌ಲೆಂಡ್‌ನ ಅಬರ್‌ಫೆಲ್ಡಿಯಲ್ಲಿ ಟೇ ನದಿಯ ಮೇಲೆ 1992ರಲ್ಲಿ ಕಟ್ಟಿದ ಕಾಲುಸೇತುವೆಯ ಗೋಪುರಗಳೂ ಗಾಜಿನ ನಾರಿನವೇ ಎಂದು ತಿಳಿದಾಗ ನನಗೆ ಧೈರ್ಯ ಬಂತು. ಬೆಲೆ ಮಾತ್ರ ಉಕ್ಕಿಗಿಂತ ಹೆಚ್ಚು, ಮುಂದೆ ಗುಜರಿಗೆ ಹಾಕಿದರೆ ಹಣ ಹುಟ್ಟುವುದಿಲ್ಲ. ಹಾಗಿದ್ದರೂ ಎರಡನೆಯ ಟವರ್‌ಗೆ ನಾವು ಎಫ್‌ಆರ್‌ಪಿಯನ್ನೇ ಆರಿಸಿದ್ದೇವೆ. ಈ ಸಲ ದರಪಟ್ಟಿಗೂ ಮೊದಲು ತುದಿಯ ಬಾಗುವಿಕೆಯ ಲೆಕ್ಕವನ್ನು ಲಿಖಿತವಾಗಿ ಕೇಳಿದ್ದೇವೆ.